ಟೂರ್ಬಿಯಾನ್ ಅಂದರೇನು?

ಟೂರ್ಬಿಯಾನ್ ಫ್ರೆಂಚ್ ಪದ, ಸುಂಟರಗಾಳಿ ಎಂದರ್ಥ. ವಾಚಿನವರ ಬಾಯಲ್ಲಿ ಅದು ಬ್ಯಾಲೆನ್ಸ್ ಚಕ್ರ (ಅತ್ತಿತ್ತ ತೂಗಿ ಕಾಲ ಅಳೆಯುವುದು), ಅದನ್ನು ತೂಗಿಸುವ ಎಳೆಯಂಥ ಹೇರ್‌ಸ್ಪ್ರಿಂಗ್, ಆ ತೂಗಾಟಕ್ಕೆ ತಕ್ಕಂತೆ ಶಕ್ತಿಯನ್ನು ಹಂತಹಂತವಾಗಿ ಬಿಡುವ ಪ್ಯಾಲೆಟ್ ಫೋರ್ಕ್ ಮತ್ತು ಎಸ್ಕೇಪ್ ಚಕ್ರ ಎಲ್ಲವನ್ನೂ ಹೊತ್ತು ಸುತ್ತುವ ಪುಟ್ಟ ಪಂಜರದ ಹೆಸರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಕಾರ್ಯಾಗಾರ ನಡೆಸಿದ ಅಬ್ರಹಾಂ-ಲೂಯಿ ಬ್ರೆಗೆ 1801ರ ಜೂನ್ 26ರಂದು ಇದಕ್ಕೆ ಪೇಟೆಂಟ್ ಪಡೆದ. ಅವನ ಹೆಸರಿನ ಕಂಪನಿ ಇಂದು ಸ್ವಾಚ್ ಗ್ರೂಪ್‌ನ ಕೈಯಲ್ಲಿದೆ, ಟೂರ್ಬಿಯಾನನ್ನು ಈಗಲೂ ಮಾಡುತ್ತದೆ.

ಕೀ ಕೊಡುವ ವಾಚಿನ ಹಿಂಬದಿ ತೆರೆದರೆ ಅತ್ತಿತ್ತ ತೂಗುವ ಚಕ್ರ ಕಾಣುತ್ತದಲ್ಲ (ಎಚ್‌ಎಂಟಿ ಜನತಾದಲ್ಲಿ ಸೆಕೆಂಡಿಗೆ ಐದು ಸಲ ಬಡಿಯುತ್ತದೆ), ಅದೇ ಬ್ಯಾಲೆನ್ಸ್. ಅದರ ಅಂಚಿನ ಒಂದು ಕಡೆ ತೂಕ ಎಳ್ಳಷ್ಟು ಹೆಚ್ಚಿದ್ದರೂ ಸಾಕು. ವಾಚು ಮೇಜಿನ ಮೇಲೆ ಮಲಗಿದ್ದಾಗ ಅದು ಲೆಕ್ಕಕ್ಕೆ ಬಾರದು. ನೆಟ್ಟಗೆ ನಿಂತಾಗ ಗುರುತ್ವ ಆ ಭಾರವನ್ನು ಕೆಳಗೆಳೆಯುತ್ತದೆ, ವಾಚು ಒಂದು ಭಂಗಿಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಓಡುತ್ತದೆ. ಬ್ರೆಗೆಯ ಕಾಲದ ಜೇಬುಗಡಿಯಾರ ದಿನವಿಡೀ ನೆಟ್ಟಗೆ, ಒಂದೇ ಭಂಗಿಯಲ್ಲಿ ಇರುತ್ತಿತ್ತು.

ಅವನ ಉಪಾಯ: ಕೀ ಕೊಟ್ಟ ಸ್ಪ್ರಿಂಗಿನ ಶಕ್ತಿಯನ್ನು ಸಾಗಿಸುವ ಹಲ್ಲುಚಕ್ರಗಳ ಸಾಲಿನಲ್ಲಿ ನಾಲ್ಕನೆಯ ಚಕ್ರವನ್ನು ಪ್ಲೇಟಿಗೆ (ಯಂತ್ರದ ತಳಹಲಗೆಗೆ) ಬಿಗಿದು ಅಲುಗದಂತೆ ಮಾಡಿ, ಮೂರನೆಯ ಚಕ್ರದಿಂದ ಪಂಜರವನ್ನೇ ತಿರುಗಿಸುವುದು. ಪಂಜರದೊಳಗಿನ ಎಸ್ಕೇಪ್ ಚಕ್ರದ ಪಿನಿಯನ್ (ಪುಟ್ಟ ಹಲ್ಲುಚಕ್ರ) ಆ ಬಿಗಿದ ಚಕ್ರದ ಹಲ್ಲುಗಳ ಮೇಲೆ ಉರುಳುತ್ತಾ ಹೋಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೊಂದು ಸುತ್ತು. ಹಾಗಾಗಿ ಭಾರದ ಬದಿ ನಿಮಿಷದೊಳಗೆ ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲ ಕಡೆಗೂ ಬಂದುಹೋಗುತ್ತದೆ. ಒಂದು ಭಂಗಿಯಲ್ಲಿ ದಿನಕ್ಕೆ 8 ಸೆಕೆಂಡ್ ಮುಂದೆ, ಅದಕ್ಕೆ ತಲೆಕೆಳಗಾದ ಭಂಗಿಯಲ್ಲಿ 6 ಸೆಕೆಂಡ್ ಹಿಂದೆ ಓಡುವ ವಾಚು ಎಂದಿಟ್ಟುಕೊಳ್ಳಿ. ಸುತ್ತಿಸಿದರೆ ಸುಮಾರು 1 ಸೆಕೆಂಡ್ ಮುಂದೆ ಎಂಬ ಒಂದೇ ಅಂಕಿ ಉಳಿಯುತ್ತದೆ. ತಪ್ಪು ಮಾಯವಾಗಲಿಲ್ಲ, ಸರಾಸರಿಯಾಯಿತು. ಸ್ಥಿರವಾಗಿ ನಿಂತ ತಪ್ಪನ್ನು ತಿದ್ದುವುದು ಸುಲಭ.

ಇದಕ್ಕೆ ಬೆಲೆಯೂ ಉಂಟು. ಪ್ರತಿ ಟಿಕ್‌ಗೂ ಪಂಜರ ನಿಂತು ಮತ್ತೆ ಹೊರಡಬೇಕು. ಅದು ಭಾರವಾದಷ್ಟೂ ಮೇನ್‌ಸ್ಪ್ರಿಂಗ್‌ನ (ಕೀ ಕೊಟ್ಟಾಗ ಬಿಗಿಯುವ ಮುಖ್ಯ ಸ್ಪ್ರಿಂಗ್) ಶಕ್ತಿ ಪೋಲಾಗಿ ಬ್ಯಾಲೆನ್ಸ್‌ನ ತೂಗಾಟ ಕುಗ್ಗುತ್ತದೆ. ಅದಕ್ಕೇ ಟೈಟಾನಿಯಂ ಬಳಸಿ ಪಂಜರದ ತೂಕವನ್ನು ಗ್ರಾಂಗಿಂತ ಕೆಳಗೆ ಇಳಿಸುತ್ತಾರೆ. ಪಂಜರದ್ದೇ ತೂಕ ಓರೆಯಾದರೆ ಹೊಸ ತಪ್ಪು ಹುಟ್ಟಿತೆಂದೇ ಲೆಕ್ಕ. ಇನ್ನು ಕೈಗಡಿಯಾರದ ಮಾತು: ಕೈಯೇ ದಿನವಿಡೀ ಭಂಗಿ ಬದಲಿಸುವುದರಿಂದ ಲಾಭ ಅಲ್ಪ. ಕೊಡುವ ದುಡ್ಡು ಕುಸುರಿ ಕೆಲಸಕ್ಕೆ ಎಂದುಕೊಳ್ಳುವುದೇ ಸರಿ.

ಫ್ಲೈಯಿಂಗ್ ಟೂರ್ಬಿಯಾನ್ ಎಂದರೆ ಪಂಜರವನ್ನು ಮೇಲಿನಿಂದ ಹಿಡಿಯುವ ಸೇತುವೆ (ಲೋಹದ ಪಟ್ಟಿ) ಇಲ್ಲದೆ ಕೆಳಗಿನ ಆಧಾರದಲ್ಲೇ ನಿಂತದ್ದು. 1920ರಲ್ಲಿ ಜರ್ಮನಿಯ ಗ್ಲಾಸ್‌ಹ್ಯೂಟ್ಟೆಯಲ್ಲಿ ಆಲ್ಫ್ರೆಡ್ ಹೆಲ್ವಿಗ್ ರೂಪಿಸಿದ.

ಡಯಲ್‌ನಲ್ಲಿ ತೂತು ಕೊರೆದು ಬ್ಯಾಲೆನ್ಸ್ ತೋರಿಸುವ 'ಓಪನ್ ಹಾರ್ಟ್' ವಾಚನ್ನೂ ಕೆಲವರು ಟೂರ್ಬಿಯಾನ್ ಎಂದು ಮಾರುತ್ತಾರೆ. ಒಂದು ನಿಮಿಷ ಕಣ್ಣಿಟ್ಟು ನೋಡಿ: ಚಕ್ರ ಇದ್ದಲ್ಲೇ ತೂಗುತ್ತಿದ್ದು, ಅದನ್ನು ಹಿಡಿದ ಚೌಕಟ್ಟು ಅಲುಗದಿದ್ದರೆ ಅದು ಟೂರ್ಬಿಯಾನ್ ಅಲ್ಲ.