ಪೇಶೆಂಟ್‌ಗೂ ಪೇಶೆನ್ಸ್‌ಗೂ ಬೇರು ಒಂದೇ

ಮಂಗಳೂರಿನ ಆಸ್ಪತ್ರೆಯೊಂದರ ಒಪಿಡಿ. ಅಮ್ಮನ ಟೋಕನ್ 47. ಒಳಗೆ ಹೋಗಿದ್ದು 19. 'ಪೇಶೆಂಟ್ ಯಾರು?' ಎಂದು ಕೇಳಿದ ನರ್ಸ್, ಅಮ್ಮನ ಕಡೆ ತಿರುಗಿ 'ಒಂತೆ ಉಂತುಲೆ ಅಮ್ಮ' (ಸ್ವಲ್ಪ ಕಾಯಿರಿ ಅಮ್ಮ) ಎಂದು ತುಳುವಿನಲ್ಲಿ ಹೇಳಿ ಹೋದರು. ಪಕ್ಕದ ಕುರ್ಚಿಯವರು ಗೊಣಗಿದರು: 'ಇಲ್ಲಿ ಪೇಶೆಂಟ್ ಆಗ್ಬೇಕಾದ್ರೆ ಮೊದ್ಲು ಪೇಶೆನ್ಸ್ ಬೇಕು.'

ಅವರು ತಮಾಷೆಗೆ ಹೇಳಿದ್ದು. ಆದರೆ ಆ ಎರಡು ಪದಗಳು ನಿಜಕ್ಕೂ ಒಡಹುಟ್ಟಿದವು.

ಲ್ಯಾಟಿನ್‌ನಲ್ಲಿ 'ಪತಿ' ಎಂಬ ಕ್ರಿಯಾಪದವಿದೆ. ನೋವುಣ್ಣು, ಸಹಿಸು ಎಂದು ಅರ್ಥ. (ನಮ್ಮ ಪತಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಸುಮ್ನೆ ನಗಬೇಡಿ.) ಅದರಿಂದ ಹುಟ್ಟಿದ 'ಪೇಶೆನ್ಸ್' ಫ್ರೆಂಚ್ ದಾರಿಯಲ್ಲಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. 'ಪೇಶೆಂಟ್' ಎಂದರೆ ಸಹಿಸುವವ. 14ನೇ ಶತಮಾನದ ಕೊನೆಗೆ ಅದು ವೈದ್ಯರ ಕೈಯಲ್ಲಿರುವ ರೋಗಿಗೂ ಹೆಸರಾಯಿತು. ಇಂಗ್ಲಿಷ್ ಕವಿ ಚಾಸರ್ ತನ್ನ ಕಾವ್ಯದಲ್ಲಿ ಚಿತ್ರಿಸಿದ ವೈದ್ಯನಿಗೆ ಆಗಲೇ 'ಪೇಶೆಂಟ್' ಇದ್ದ.

ಈ ಮನೆತನ ದೊಡ್ಡದು. ಸುಮ್ಮನೆ ಒಪ್ಪಿಕೊಳ್ಳುವ 'ಪ್ಯಾಸಿವ್', ಜೊತೆಗೆ ನೋಯುವ 'ಕಂಪ್ಯಾಶನ್' ಎರಡೂ ಇಲ್ಲಿಯವೇ. 'ಫೋಟೋಗ್ರಫಿ ನನ್ನ ಪ್ಯಾಶನ್' ಎನ್ನುತ್ತೇವಲ್ಲ, ಆ ಪದ ಇಂಗ್ಲಿಷಿನಲ್ಲಿ ಮೊದಲು ಯೇಸುವಿನ ಶಿಲುಬೆಯ ಸಂಕಟಕ್ಕೆ ಮೀಸಲಾಗಿತ್ತು. ಗುಡ್ ಫ್ರೈಡೆಗೆ ಇಲ್ಲಿನ ಚರ್ಚುಗಳಲ್ಲಿ ನೆನೆಯುವುದು ಆ ಹಳೆಯ ಪ್ಯಾಶನ್ನನ್ನು.

ತಾಳ್ಮೆಗೆ ಇಂಗ್ಲಿಷಿನವರು ಕೊಡುವ ದೊಡ್ಡ ಉದಾಹರಣೆ ಬೈಬಲಿನ ಯೋಬ. 'ಯೋಬನ ಪೇಶೆನ್ಸ್' ಎಂಬ ಮಾತು 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಯಾಕೋಬನ ಪತ್ರದಲ್ಲಿ ಇದೆ. ವಿಚಿತ್ರ ಏನೆಂದರೆ, ಈ ಯೋಬ ಬಾಯಿ ಮುಚ್ಚಿ ಕೂತವನೇ ಅಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದ ಮೇಲೆ ಅಧ್ಯಾಯಗಟ್ಟಲೆ ದೇವರ ಮೇಲೆ ದೂರು ಹೇಳುತ್ತಾನೆ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಆದರೆ ದೇವರನ್ನು ಬಿಟ್ಟು ಹೋಗುವುದಿಲ್ಲ. ಆ ಪತ್ರದ ಮೂಲ ಗ್ರೀಕ್‌ನಲ್ಲಿರುವ ಪದವನ್ನು ಬಿಡಿಸಿದರೆ 'ಅಡಿಯಲ್ಲೇ ಉಳಿಯುವುದು' ಎಂದಾಗುತ್ತದೆ. ಹೊರೆ ತಲೆ ಮೇಲಿದ್ದರೂ ಅಲ್ಲೇ ನಿಂತಿರುವುದು. ನರ್ಸ್ ಹೇಳಿದ 'ಉಂತುಲೆ'ಗೂ ನಿಲ್ಲಿ ಎಂದೇ ಅರ್ಥ ಅಲ್ವಾ!

ಪೇಶೆಂಟ್ ಎಂಬ ಪದವೇ ಬೇಡ ಎನ್ನುವವರೂ ಇದ್ದಾರೆ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದೇ ವಿಷಯಕ್ಕೆ ಚರ್ಚೆ ನಡೆಯಿತು. ಸುಮ್ಮನೆ ಸಹಿಸುವವರು ಎಂಬ ವಾಸನೆ ಅದರಲ್ಲಿದೆ, ಹೊಸ ಪದ ಬೇಕು ಎಂದರು ಯಹೂದಿ ಧರ್ಮಗುರು ಜೂಲಿಯಾ ನ್ಯೂಬರ್ಗರ್. ಹಳೆಯದನ್ನು ಮುಟ್ಟಬೇಡಿ ಎಂದರು ವೈದ್ಯ ರೇಮಂಡ್ ಟಾಲಿಸ್. ನನ್ನ ಓಟು ಟಾಲಿಸ್‌ಗೆ. ಕ್ಲೈಂಟ್, ಕಸ್ಟಮರ್ ಎಂದು ಕರೆದರೆ ಬಿಲ್ಲಿನ ನೆನಪೇ ಜಾಸ್ತಿ ಆಗುತ್ತದೆ.

ನಮ್ಮ 'ತಾಳು' ಬೇರೆಯೇ ಜಾತಿ. ಅದರಲ್ಲಿ ನೋವು ಇರಲೇಬೇಕೆಂದಿಲ್ಲ. 'ತಾಳು, ಬಂದೆ' ಎಂದರೆ ಕಾಯುವುದು. ರೂಪ ತಾಳುವುದು, ನಿಲುವು ತಾಳುವುದು ಎಂದರೆ ನಾವೇ ಪಡೆದುಕೊಳ್ಳುವುದು. ಮಂಗಳೂರು ಹೆಂಚು ಕೂಡ ತಾಳುತ್ತದೆ, ಇನ್ನೂ ಹತ್ತು ಮಳೆಗಾಲ. ತಾಳುವಿಕೆಯಂಥ ತಪಸ್ಸು ಬೇರೆ ಇಲ್ಲ ಎಂದು ಹಾಡಿದವರು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಸೋದೆ ಮಠದ ವಾದಿರಾಜರು. ತಪಸ್ಸು ಯಾರ ಮೇಲೂ ಬಂದು ಬೀಳುವುದಿಲ್ಲ, ಕೂತು ಮಾಡಬೇಕು. ಲ್ಯಾಟಿನ್‌ನ 'ಪತಿ' ಈ ಕಡೆ ನೋಡಿದ್ದು ಕಡಿಮೆ.

ಟೋಕನ್ 31ಕ್ಕೆ ಬಂದಾಗ ಅಮ್ಮ ಎದ್ದು ಮೂರನೇ ಸಲ ಕೌಂಟರಿಗೆ ಹೋದಳು. 'ಇನ್ನೆಷ್ಟು ಹೊತ್ತು ಮಾರಾಯ್ರೆ?' ಎಂದು ಜೋರಾಗಿ ಕೇಳಿ, ಬಂದು ಅದೇ ಕುರ್ಚಿಯಲ್ಲಿ ಕೂತಳು.