ಒಂದೇ ದೂರ, ಎರಡು ಲೆಕ್ಕ

ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಆಕಾಶಮಾರ್ಗದಲ್ಲಿ ಸುಮಾರು 5,550 ಕಿಲೋಮೀಟರ್. ದೊಡ್ಡ ಜೆಟ್ ವಿಮಾನ ಗಂಟೆಗೆ 900 ಕಿಲೋಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿದರೆ ಆರು ಗಂಟೆ ಚಿಲ್ಲರೆ. ಆದರೆ ವೇಳಾಪಟ್ಟಿಯಲ್ಲಿ ಲಂಡನ್ನಿಗೆ ಹೋಗಲು ಸುಮಾರು ಏಳು ಗಂಟೆ, ಅಲ್ಲಿಂದ ಮರಳಲು ಎಂಟು ಗಂಟೆ ಎಂದಿರುತ್ತದೆ.

ಹೆಚ್ಚುವರಿ ಹೊತ್ತಿನಲ್ಲಿ ಒಂದಿಷ್ಟು ನೆಲದ ಮೇಲೆಯೇ ಕಳೆದುಹೋಗುತ್ತದೆ. ವೇಳಾಪಟ್ಟಿಯ ಗಡಿಯಾರ ಓಡತೊಡಗುವುದು ವಿಮಾನ ನಿಲುಗಡೆಯಿಂದ ಕದಲಿದಾಗ. ರನ್‌ವೇವರೆಗಿನ ತೆವಳಾಟ, ಸರದಿಗಾಗಿ ಕಾಯುವುದು, ಇಳಿಯಲು ಅನುಮತಿ ಸಿಗದೆ ಸುತ್ತು ಹೊಡೆಯುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ತಡವಾಯಿತೆಂಬ ದೂರು ಬಾರದಿರಲೆಂದು ಕಂಪನಿಗಳು ಇನ್ನಷ್ಟು ನಿಮಿಷ ಸೇರಿಸುವುದೂ ಉಂಟು. ಜಾಣತನವೇ, ತಪ್ಪೇನಿಲ್ಲ.

ದೂರದ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಗೋಡೆಯ ಮೇಲಿನ ಭೂಪಟ. ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗೆಂದು ನೇರ ಪೂರ್ವಕ್ಕೆ ಹೋದರೆ ನಷ್ಟ. ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ, ಅದು ಉತ್ತರಕ್ಕೆ ಸರಿದು ಕೂರುತ್ತದೆ. ಆ ದಾರಿ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಹತ್ತಿರದ್ದು.

ಹೋಗುವುದಕ್ಕೂ ಬರುವುದಕ್ಕೂ ಇರುವ ವ್ಯತ್ಯಾಸ ಮಾತ್ರ ಗಾಳಿಯದು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹಲವರು ವಾದಿಸುತ್ತಾರೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತಿರುವಾಗ ಆ ಮಾತು ನಿಲ್ಲುವುದಿಲ್ಲ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹವಿದೆ. ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. 2020ರ ಫೆಬ್ರುವರಿಯಲ್ಲಿ ಬೋಯಿಂಗ್ 747 ಒಂದು ಅದರ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದಿಂದ ಅಳೆದಾಗ ಅದರ ವೇಗ ಗಂಟೆಗೆ 1,300 ಕಿಲೋಮೀಟರಿಗೂ ಮೇಲೆ. ಅಷ್ಟಾದರೂ ಅದು ಶಬ್ದದ ವೇಗವನ್ನು ಮೀರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಹಾರುತ್ತಿದ್ದುದು ಎಂದಿನ ವೇಗದಲ್ಲೇ.

ಹೋಗುವಾಗ ಗಾಳಿ ಉಳಿಸಿಕೊಟ್ಟಿದ್ದು ಬರುವಾಗ ಕಳೆದದ್ದಕ್ಕೆ ಸರಿಹೋಗುತ್ತದೆಯೇ? ಇಲ್ಲ. 5,400 ಕಿಲೋಮೀಟರ್ ದೂರ, 900ರ ವೇಗ, ಗಾಳಿಯೇ ಇಲ್ಲ ಎಂದುಕೊಳ್ಳಿ: ಹೋಗಿಬರಲು 12 ಗಂಟೆ. ಈಗ 180 ಕಿಲೋಮೀಟರ್ ವೇಗದ ಗಾಳಿ ಬೀಸಲಿ. ಹೋಗುವಾಗ ವೇಗ 1,080, ಐದು ಗಂಟೆ ಸಾಕು. ಬರುವಾಗ ವೇಗ 720, ಏಳೂವರೆ ಗಂಟೆ ಬೇಕು. ಒಟ್ಟು ಹನ್ನೆರಡೂವರೆ. ಅನುಕೂಲದ ಗಾಳಿಯಲ್ಲಿ ಐದೇ ಗಂಟೆ ಇರುತ್ತೇವೆ, ಎದುರುಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಸಿಕ್ಕಿಬೀಳುತ್ತೇವೆ.

ಹಾಗಾಗಿ ಪಶ್ಚಿಮಕ್ಕೆ ಹೊರಟ ವಿಮಾನಗಳು ಅತಿ ಹತ್ತಿರದ ದಾರಿಯನ್ನು ಬಿಟ್ಟು, ಜೆಟ್ ಸ್ಟ್ರೀಮ್ ತಪ್ಪಿಸಲು ಬಳಸಿ ಹೋಗುವುದುಂಟು. ಉತ್ತರ ಅಟ್ಲಾಂಟಿಕ್‌ನ ಮೇಲೆ ಈ ಹಾದಿಗಳನ್ನು ಗಾಳಿ ನೋಡಿಕೊಂಡು ಪ್ರತಿದಿನ ಹೊಸದಾಗಿ ಗುರುತಿಸುತ್ತಾರೆ. ಪೂರ್ವಕ್ಕೆ ಹೋಗುವವನ್ನು ಕೆನಡಾದ ಗ್ಯಾಂಡರ್ ವಿಮಾನ ಸಂಚಾರ ನಿಯಂತ್ರಣ ಕೇಂದ್ರವೂ ಪಶ್ಚಿಮಕ್ಕೆ ಹೋಗುವವನ್ನು ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ನಡೆಸುವ ಶಾನ್‌ವಿಕ್ ಕೇಂದ್ರವೂ ನಿರ್ಧರಿಸುತ್ತವೆ. ನಿನ್ನೆಯ ವಿಮಾನ ಕ್ರಮಿಸಿದ ದೂರವೇ ಇಂದಿನದಕ್ಕೂ ಇರುತ್ತದೆಂದು ಹೇಳುವಂತಿಲ್ಲ.