ಪಾವಗಡದ ಶಾಖೆಗೆ ಮೇಲ್ ತಲುಪುವ ದಾರಿ

ತುಮಕೂರಿನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡು ಶಿರಾ, ತಿಪಟೂರು, ಮಧುಗಿರಿ, ಪಾವಗಡಗಳಲ್ಲಿ ಶಾಖೆ ನಡೆಸುವ ಸಂಸ್ಥೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸರ್ವರ್ ಇರುವ ಕಟ್ಟಡದಲ್ಲೇ ಕುಳಿತವರಿಗೆ ಮೇಲ್ ಓದುವ ತಂತ್ರಾಂಶವಾದ ಔಟ್‌ಲುಕ್ ತೆರೆದೊಡನೆ ಪತ್ರಗಳು ಕಾಣುತ್ತವೆ. ಸುಮಾರು ನೂರು ಕಿಲೋಮೀಟರ್ ದೂರದ, ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ಅದೇ ಔಟ್‌ಲುಕ್, ಅದೇ ಪಾಸ್‌ವರ್ಡ್ ಇದ್ದರೂ ಸಂಪರ್ಕ ಪದೇಪದೇ ಕಡಿದುಹೋಗುತ್ತದೆ. ಇದನ್ನು ಶಾಖೆಯವರ ಅಜಾಗರೂಕತೆ ಎಂದು ತಳ್ಳಿಹಾಕುವುದು ಅನ್ಯಾಯ. ದೋಷದ ಬೇರು ಇರುವುದು ಈ ವ್ಯವಸ್ಥೆಯನ್ನು ಮೊದಲು ರೂಪಿಸಿದಾಗ ಮಾಡಿಕೊಂಡ ಒಂದು ಎಣಿಕೆಯಲ್ಲಿ.

ಮೈಕ್ರೋಸಾಫ್ಟ್ ಸಂಸ್ಥೆ 1996 ರಲ್ಲಿ ಸಂಸ್ಥೆಗಳ ಮೇಲ್ ನಿರ್ವಹಿಸುವ ಎಕ್ಸ್‌ಚೇಂಜ್ ಸರ್ವರನ್ನು ಬಿಡುಗಡೆ ಮಾಡಿದಾಗ, ಬಳಕೆದಾರರ ಕಂಪ್ಯೂಟರ್ ಸರ್ವರಿನೊಡನೆ ಆರ್‌ಪಿಸಿ ಎಂಬ ವಿಧಾನದಲ್ಲಿ ಮಾತನಾಡುತ್ತಿತ್ತು. ಬೇರೊಂದು ಯಂತ್ರದಲ್ಲಿ ನಡೆಯಬೇಕಾದ ಕೆಲಸವನ್ನು ತನ್ನೊಳಗಿನದೇ ಎಂಬಂತೆ ಕರೆದು ಮಾಡಿಸಿಕೊಳ್ಳುವ ಈ ವಿಧಾನಕ್ಕೆ ಒಂದೇ ಕಟ್ಟಡದೊಳಗಿನ, ಕಡಿಯದ, ವೇಗದ ಜಾಲ ಬೇಕು. ಕಂಪ್ಯೂಟರ್ ಮೊದಲು ಸರ್ವರಿನ 135 ನೇ ಪೋರ್ಟನ್ನು, ಅಂದರೆ ಸಂಪರ್ಕಕ್ಕೆಂದು ಸಂಖ್ಯೆ ಕೊಟ್ಟ ಬಾಗಿಲನ್ನು, ತಟ್ಟಿ, ಮುಂದೆ ಯಾವ ಪೋರ್ಟಿನಲ್ಲಿ ಮಾತನಾಡಬೇಕೆಂದು ಕೇಳಿ ತಿಳಿಯುತ್ತಿತ್ತು. ಆ ಎರಡನೆಯ ಪೋರ್ಟಿನ ಸಂಖ್ಯೆ ಸಾಮಾನ್ಯವಾಗಿ ನಿಗದಿಯಾಗಿ ಇರುತ್ತಿರಲಿಲ್ಲವಾದ್ದರಿಂದ ಹೊರಗಿನ ಶಾಖೆಗೆ ಈ ದಾರಿ ತೆರೆಯಬೇಕಾದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲಿನಲ್ಲಿ ದೊಡ್ಡ ಬಾಗಿಲನ್ನೇ ತೆರೆದಿಡಬೇಕಿತ್ತು. 2003 ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು ವಿಂಡೋಸ್‌ನ ಆರ್‌ಪಿಸಿ ದೋಷವನ್ನು ಹಿಡಿದು ಇದೇ 135 ನೇ ಪೋರ್ಟಿನ ಮೂಲಕ ಜಗತ್ತಿನಾದ್ಯಂತ ಹರಡಿದ ಮೇಲೆ ಅದನ್ನು ಇಂಟರ್‌ನೆಟ್ಟಿಗೆ ತೆರೆದಿಡುವ ಮಾತೇ ಉಳಿಯಲಿಲ್ಲ.

ಹಾಗಾಗಿ ಶಾಖೆಗಳಿಗೆ ಉಳಿದದ್ದು ತಮಗೆಂದೇ ಬಾಡಿಗೆಗೆ ಪಡೆದ ದುಬಾರಿಯಾದ ಲೀಸ್ಡ್ ಲೈನ್, ಇಲ್ಲವೇ ಫೋನ್ ತಂತಿಯ ಡಯಲ್-ಅಪ್ ಮೇಲೆ ವಿಪಿಎನ್ ಎಂಬ ಗುಪ್ತ ಸುರಂಗದಂಥ ಸಂಪರ್ಕ. ಡಯಲ್-ಅಪ್ ಮೋಡೆಮ್ ಸೆಕೆಂಡಿಗೆ 56 ಕಿಲೋಬಿಟ್‌ನ ಪೂರ್ಣ ವೇಗ ಕೊಟ್ಟರೂ ಒಂದು ಎಂಬಿ ಕಡತ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು, ಮತ್ತು ಆ ಪೂರ್ಣ ವೇಗ ತಾಲ್ಲೂಕು ಕೇಂದ್ರಗಳ ತಾಮ್ರದ ತಂತಿಯಲ್ಲಿ ಸಿಗುತ್ತಿದ್ದುದು ವಿರಳ.

ಅದೇ 2003 ರಲ್ಲಿ ಬಂದ ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್ ಎರಡು ಉಪಾಯಗಳನ್ನು ತಂದವು. ಮೊದಲನೆಯದು, ಪತ್ರಗಳ ಪ್ರತಿಯನ್ನು ಬಳಕೆದಾರರ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಲೈನ್ ಇದ್ದಾಗ ಸರಿಹೊಂದಿಸುವ ಕ್ಯಾಶ್ಡ್ ಮೋಡ್. ಎರಡನೆಯದು, ಆರ್‌ಪಿಸಿಯ ಮಾತನ್ನು ವೆಬ್‌ನ ಭಾಷೆಯಾದ ಎಚ್‌ಟಿಟಿಪಿಯೊಳಗೆ ಸುತ್ತಿ, ವೆಬ್‌ಸೈಟುಗಳಿಗೆ ಎಲ್ಲೆಡೆ ತೆರೆದಿರುವ 443 ನೇ ಪೋರ್ಟಿನಲ್ಲಿ ಕಳಿಸುವುದು. 2007 ರ ಆವೃತ್ತಿಯಲ್ಲಿ ಇದಕ್ಕೆ ಔಟ್‌ಲುಕ್ ಎನಿವೇರ್ ಎಂಬ ಹೆಸರಾಯಿತು. ಎಕ್ಸ್‌ಚೇಂಜ್ 2013 ಬರುವ ಹೊತ್ತಿಗೆ ನೇರ ಆರ್‌ಪಿಸಿಯನ್ನು ಕೈಬಿಟ್ಟು, ಕಚೇರಿಯ ಒಳಗಿನವರನ್ನೂ ಇದೇ ದಾರಿಗೆ ತರಲಾಯಿತು. ದೂರದವರಿಗೆಂದು ಹಾಕಿದ ರಸ್ತೆಯೇ ಎಲ್ಲರ ರಸ್ತೆಯಾದದ್ದು ಈ ಇತಿಹಾಸದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವ ತಿರುವು.

ಆದರೂ ಹೊದಿಕೆಯೊಳಗೆ ಇದ್ದದ್ದು ಹಳೆಯ ಆರ್‌ಪಿಸಿಯೇ. ಹೋಗಲು ಒಂದು, ಬರಲು ಒಂದು ಎಂಬಂತೆ ಅದು ಜೋಡಿ ಸಂಪರ್ಕಗಳನ್ನು ಬಹಳ ಹೊತ್ತು ಹಿಡಿದಿಡಬೇಕಿತ್ತು. ಕರೆಂಟ್ ಹೋಗಿ ಮೋಡೆಮ್ ಆರಿದರೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿತ್ತು. 2014 ರಲ್ಲಿ ಎಕ್ಸ್‌ಚೇಂಜ್ 2013 ರ ಮೊದಲ ಸರ್ವಿಸ್ ಪ್ಯಾಕ್‌ನೊಡನೆ ಬಂದ ಮ್ಯಾಪಿ ಓವರ್ ಎಚ್‌ಟಿಟಿಪಿ, ಅಂದರೆ ಔಟ್‌ಲುಕ್‌ನ ಮೇಲ್ ಆದೇಶಗಳನ್ನು (ಮ್ಯಾಪಿ) ನೇರವಾಗಿ ಎಚ್‌ಟಿಟಿಪಿಯಲ್ಲಿ ಕಳಿಸುವ ವಿಧಾನ, ನಡುವಿನ ಆರ್‌ಪಿಸಿಯನ್ನು ತೆಗೆದುಹಾಕಿತು. ಇದರಲ್ಲಿ ಪ್ರತಿ ಕೋರಿಕೆಯೂ ಸಾಮಾನ್ಯ ವೆಬ್ ಕೋರಿಕೆಯಂತೆ ಹೋಗುತ್ತದೆ, ಬಳಕೆದಾರರ ಗುರುತು ಕುಕಿ ಎಂಬ ಸಣ್ಣ ಗುರುತುಚೀಟಿಯಲ್ಲಿ ಉಳಿದಿರುತ್ತದೆ. ಆದ್ದರಿಂದ ಲೈನ್ ಕಡಿದು ಮತ್ತೆ ಬಂದರೆ ನಿಂತಲ್ಲಿಂದಲೇ ಮುಂದುವರಿಯಬಹುದು. ಮೈಕ್ರೋಸಾಫ್ಟ್ ಇಂಟರ್‌ನೆಟ್ ಮೂಲಕ ಕೊಡುವ ಆಫೀಸ್ 365 ಸೇವೆಯಲ್ಲಿ (ಈಗಿನ ಹೆಸರು ಮೈಕ್ರೋಸಾಫ್ಟ್ 365) ಹಳೆಯ ವಿಧಾನಕ್ಕೆ ಬೆಂಬಲ 2017 ರ ಅಕ್ಟೋಬರ್ 31 ಕ್ಕೆ ಮುಗಿಯಿತು. ಹೊಸ ವಿಧಾನ ತಿಳಿಯದ ಔಟ್‌ಲುಕ್ 2007 ಅದರೊಂದಿಗೆ ಹೊರಗುಳಿಯಿತು.

ಸರ್ವರಿನಲ್ಲಿ ಈ ಬದಲಾವಣೆ ಒಂದು ಆದೇಶದ ಕೆಲಸ. ಕಷ್ಟವಿರುವುದು ಶಾಖೆಯ ಮೇಜಿನ ಮೇಲೆ. ಔಟ್‌ಲುಕ್ಕಿಗೆ ಸಂಪರ್ಕದ ವಿವರ ಒದಗಿಸುವ ಆಟೋಡಿಸ್ಕವರ್ ಸೇವೆ ಹೊಸ ದಾರಿಯನ್ನು ತಿಳಿಸಿದ ಮೇಲೆ, ಔಟ್‌ಲುಕ್ಕನ್ನು ಮುಚ್ಚಿ ತೆರೆಯಿರಿ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಮುಂಚೆಯೇ ಹೇಳದಿದ್ದರೆ ಅದನ್ನು ವೈರಸ್ ಎಂದು ಭಾವಿಸಿ ಹೆದರುವವರಿದ್ದಾರೆ, ಹೆದರುವುದು ಸಹಜವೂ ಹೌದು. ಇನ್ನೊಂದು ತೊಡಕು, ಸರ್ವರ್ ತನ್ನ ಗುರುತಿಗೆ ತೋರಿಸುವ, ಅವಧಿ ನಿಗದಿಯಾದ ಸರ್ಟಿಫಿಕೇಟಿನದು. ಒಳಗಿನ ಗಡಿಯಾರದ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಕರೆಂಟ್ ಹೋಗಿ ಬಂದಾಗಲೆಲ್ಲ ಹಲವು ವರ್ಷ ಹಿಂದಿನ ತಾರೀಕು ತೋರಿಸುತ್ತದೆ, ಆ ತಾರೀಕಿಗೆ ಸರ್ವರಿನ ಸರ್ಟಿಫಿಕೇಟ್ ಹೊಂದುವುದಿಲ್ಲ, ಸಂಪರ್ಕ ನಿಲ್ಲುತ್ತದೆ. ಸಣ್ಣದೊಂದು ಬ್ಯಾಟರಿಯಿಂದ ಸರಿಹೋಗುವ ಈ ದೋಷಕ್ಕೆ ಸರ್ವರಿನಲ್ಲಿ ದಿನಗಟ್ಟಲೆ ಹುಡುಕಾಟ ನಡೆಯಬಹುದು.

ಇವೆಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಒಂದು ಕಂಪ್ಯೂಟರಿನಲ್ಲಿ ತೊಂದರೆ ಕಂಡೊಡನೆ ಎಲ್ಲರ ಪ್ರೊಫೈಲನ್ನೂ (ಔಟ್‌ಲುಕ್ಕಿನಲ್ಲಿರುವ ಖಾತೆಯ ವ್ಯವಸ್ಥೆ) ಅಳಿಸಿ ಹೊಸದಾಗಿ ಮಾಡುವುದು. ಸಂಪರ್ಕದ ವಿಧಾನ ಬದಲಾಗುವುದಕ್ಕೆ ಕಂಪ್ಯೂಟರಿನಲ್ಲಿರುವ ಪತ್ರಗಳ ಪ್ರತಿಯನ್ನು ಅಳಿಸಬೇಕಾಗಿಲ್ಲ. ಅಳಿಸಿದರೆ ಅಷ್ಟೂ ಪತ್ರಗಳು ಮತ್ತೆ ಇಳಿಯಬೇಕು. ಎರಡು ಜಿಬಿಯ ಮೇಲ್‌ಬಾಕ್ಸ್, ಸೆಕೆಂಡಿಗೆ 512 ಕಿಲೋಬಿಟ್‌ನ ಲೈನಿನಲ್ಲಿ ಇಳಿಯಲು ಸುಮಾರು ಒಂಬತ್ತು ಗಂಟೆ ಬೇಕು. ಹತ್ತು ಜನರಿಗೆ ಹೀಗೆ ಮಾಡಿದರೆ ಮೂರೂವರೆ ದಿನಕ್ಕೂ ಹೆಚ್ಚು ಕಾಲ ಆ ಲೈನಿನಲ್ಲಿ ಬೇರೇನೂ ನಡೆಯದು.

ಮುಂದಿನ ಹಂತ ಗುರುತು ಪರಿಶೀಲನೆಯದು. ಹೆಸರು, ಪಾಸ್‌ವರ್ಡ್ ಎರಡನ್ನೇ ನಂಬುತ್ತಿದ್ದ ಬೇಸಿಕ್ ಅಥೆಂಟಿಕೇಶನ್ ಅನ್ನು ಆ ಇಂಟರ್‌ನೆಟ್ ಸೇವೆಯ ಮೇಲ್ ಭಾಗವಾದ ಎಕ್ಸ್‌ಚೇಂಜ್ ಆನ್‌ಲೈನ್ 2022 ರ ಅಕ್ಟೋಬರ್ 1 ರಿಂದ ನಿಲ್ಲಿಸತೊಡಗಿತು. ಮೊಬೈಲಿಗೆ ಕೋಡ್ ಬರುವ ಎರಡನೆಯ ಪರಿಶೀಲನೆ ಇದರೊಡನೆ ವ್ಯಾಪಕವಾಯಿತು. ಆದರೆ ಶಾಖೆಯ ಒಂದೇ ಖಾತೆಯ ಪಾಸ್‌ವರ್ಡನ್ನು ಮೂವರು ಗುಮಾಸ್ತರು ಹಂಚಿಕೊಂಡಿದ್ದರೆ ಕೋಡ್ ಯಾರ ಮೊಬೈಲಿಗೆ ಬರಬೇಕು? ರಜೆಯ ಮೇಲಿರುವವರಿಗೆ ಫೋನ್ ಮಾಡಿ ಕೋಡ್ ಕೇಳುವ ಪದ್ಧತಿ ಭದ್ರತೆಯನ್ನೇ ಅಣಕಿಸುತ್ತದೆ. ಒಬ್ಬೊಬ್ಬರಿಗೂ ಸ್ವಂತ ಖಾತೆ ಕೊಟ್ಟು, ಶಾಖೆಯ ವಿಳಾಸವನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಮೇಲ್‌ಬಾಕ್ಸ್ ಆಗಿ ಮಾಡಿ ಅದನ್ನು ತೆರೆಯುವ ಅನುಮತಿಯನ್ನು ಮೂವರಿಗೂ ನೀಡುವುದೇ ಸರಿಯಾದ ಕ್ರಮ. ಮೈಕ್ರೋಸಾಫ್ಟ್ 365 ರಲ್ಲಿ ಶೇರ್ಡ್ ಮೇಲ್‌ಬಾಕ್ಸ್ 50 ಜಿಬಿ ಮೀರದವರೆಗೆ ಅದಕ್ಕೆಂದೇ ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕಾಗಿಲ್ಲ.

ಎಕ್ಸ್‌ಚೇಂಜ್ 2016 ಮತ್ತು 2019 ರ ಬೆಂಬಲ 2025 ರ ಅಕ್ಟೋಬರ್ 14 ಕ್ಕೆ ಮುಗಿದಿರುವುದರಿಂದ, ಸ್ವಂತ ಸರ್ವರ್ ಇಟ್ಟುಕೊಂಡಿರುವ ಸಂಸ್ಥೆಗಳು ಮತ್ತೊಂದು ಬದಲಾವಣೆಯ ಎದುರು ನಿಂತಿವೆ. ಸಾಮಾನ್ಯ ರೂಢಿಯಂತೆ ಮುಖ್ಯ ಕಚೇರಿಯಲ್ಲಿ ಪ್ರಯೋಗ ಮಾಡಿ, ಎಲ್ಲವೂ ಸರಿಯೆಂದು ತೀರ್ಮಾನಿಸಿ, ಕೊನೆಗೆ ದೂರದ ಶಾಖೆಗೆ ಬರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ವೇಗದ ಜಾಲದಲ್ಲಿ ಯಾವ ವಿಧಾನವೂ ಚೆನ್ನಾಗಿಯೇ ಕಾಣುತ್ತದೆ. ಪಾವಗಡದ ಇಬ್ಬರ ಮೇಲ್‌ಬಾಕ್ಸನ್ನು ಮೊದಲು ಬದಲಿಸಿ, ಕೆಲಸದ ಒತ್ತಡವಿರುವ ಒಂದು ತಿಂಗಳ ಕೊನೆಯನ್ನು ಅವರು ದಾಟುವವರೆಗೆ ಕಾಯಬೇಕು. ಪರದೆಯ ಕೆಳಮೂಲೆಯ ಔಟ್‌ಲುಕ್ ಚಿಹ್ನೆಯ ಮೇಲೆ ಕಂಟ್ರೋಲ್ ಕೀ ಒತ್ತಿ ಬಲ ಕ್ಲಿಕ್ ಮಾಡಿದರೆ ಸಂಪರ್ಕದ ಸ್ಥಿತಿ ತೋರಿಸುವ ಪಟ್ಟಿ ಬರುತ್ತದೆ. ಆ ಪಟ್ಟಿಯ ಪ್ರೋಟೋಕಾಲ್ ಅಂಕಣದಲ್ಲಿ ಆರ್‌ಪಿಸಿ ಎಂಬ ಅಕ್ಷರಗಳು ಯಾವ ಶಾಖೆಯಲ್ಲೂ ಕಾಣದಂತಾದ ದಿನ ಹಳೆಯ ದಾರಿಯನ್ನು ಮುಚ್ಚಬಹುದು.